ಬೇಸಿಗೆ ಸೂಟಿಯ ಮಧ್ಯಾಹ್ನಗಳಲ್ಲಿ ಚಿಕ್ಕ ಮಕ್ಕಳ ಕೈಗೆ ಏನು ಕೆಲಸ ಕೊಡಬೇಕು?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮಗೆ ಏಳು ವರ್ಷದ ಮಗಳು ಮತ್ತು ನಾಲ್ಕು ವರ್ಷದ ಮಗ ಇದ್ದಾರೆ. ಶಾಲೆಗೆ ಸೂಟಿ ಬಿಟ್ಟಿದೆ. ನಮ್ಮೂರಿನ ಬಿಸಿಲಿನ ವಿಷಯವನ್ನು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ ಮುಗಿಯುವಷ್ಟರಲ್ಲಿ 40 ಡಿಗ್ರಿ ದಾಟುತ್ತದೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಕ್ಕಳನ್ನು ಅಂಗಳಕ್ಕೂ ಬಿಡುವಂತಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅತ್ತೆಯವರು ಸ್ವಲ್ಪ ಹೊತ್ತು ಅಡ್ಡಾಗುತ್ತಾರೆ. ಆ ಹೊತ್ತಿನಲ್ಲಿ ಮಕ್ಕಳು ಗದ್ದಲ ಮಾಡದೆ ಕುಳಿತಿರಲಿ ಎಂದು ಮೊಬೈಲ್ ಕೈಗೆ ಕೊಡುವುದು ಮನೆಯ ರೂಢಿಯಾಗುತ್ತಿದ್ದು, ಅದು ನನಗೆ ಸರಿಬರುತ್ತಿಲ್ಲ.

ಅಂಗಡಿಯಲ್ಲಿ ಸಿಗುವ ಕರಕುಶಲದ ಡಬ್ಬಿಗಳನ್ನು ತಂದು ನೋಡಿದ್ದೇನೆ. ಅವುಗಳಲ್ಲಿ ಎಲ್ಲವನ್ನೂ ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ, ಮಕ್ಕಳು ಅಂಟಿಸಿದರೆ ಕೆಲಸ ಮುಗಿಯಿತು, ಮರುದಿನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಮನೆಯಲ್ಲಿಯೇ ಇರುವ, ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುವ ವಸ್ತುಗಳಿಂದ, ಒಂದೇ ಮಧ್ಯಾಹ್ನಕ್ಕೆ ಮುಗಿಯದೆ ಕೆಲವು ದಿನ ಮುಂದುವರಿಯುವಂತಹ ಕೆಲಸಗಳನ್ನು ಯಾರಾದರೂ ಮಕ್ಕಳಿಂದ ಮಾಡಿಸಿದ್ದರೆ ದಯವಿಟ್ಟು ತಿಳಿಸಿ. ನಾಲ್ಕು ವರ್ಷದವನಿಗೂ ಅದರಲ್ಲಿ ಪಾಲಿರಬೇಕು, ಇಲ್ಲವಾದರೆ ಅಕ್ಕ ಮಾಡಿದ್ದನ್ನು ಎಳೆದು ಹಾಕುತ್ತಾನೆ. ಯಜಮಾನರಿಗೆ ಮೇ ತಿಂಗಳಲ್ಲಿ ಒಂದೆರಡು ದಿನ ರಜೆ ಸಿಗಬಹುದು. ದೂರ ಹೋಗದೆ ಎಲ್ಲಿಗೆ ಕರೆದುಕೊಂಡು ಹೋಗಬಹುದೆಂಬ ಸಲಹೆಯೂ ಬೇಕಾಗಿದೆ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಸಿಂಧನೂರು ತಾಲ್ಲೂಕು

ತಂಗಿ, ನಿಮ್ಮ ಪ್ರಶ್ನೆಗೆ ಬೇಕಾದ ಸಾಮಾನು ಈಗ ಪ್ರತಿ ಹಳ್ಳಿಯ ಬಣವೆಯಲ್ಲಿದೆ. ಹಿಂಗಾರಿನ ಬಿಳಿಜೋಳದ ಕೊಯ್ಲು ಮುಗಿದು ಕಣಿಕಿ ಒಣಗಿ ನಿಂತಿರುವ ಕಾಲವಿದು. ಹಳ್ಳಿಯಲ್ಲಿ ನೆಂಟರಿದ್ದರೆ ಒಂದು ಸಿವುಡು ಜೋಳದ ದಂಟು ತರಿಸಿಕೊಳ್ಳಿ. ದಂಟಿನ ಹೊರಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಬಿಳಿಯ, ಹಗುರವಾದ ಬೆಂಡು ಸಿಗುತ್ತದೆ. ಸಿಪ್ಪೆಯ ತೆಳುವಾದ ಸಿಬಿರುಗಳೇ ಮೊಳೆ, ಬೆಂಡೇ ಮರ; ಬೆಂಡಿಗೆ ಸಿಬಿರು ಚುಚ್ಚಿದರೆ ಅಂಟಿಲ್ಲದೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಕನ್ನಡಕ, ಏಣಿ, ಮಂಚ, ತೊಟ್ಟಿಲು, ಎತ್ತು, ನೊಗ, ಬಂಡಿ ಎಲ್ಲವನ್ನೂ ಹೀಗೆಯೇ ಮಾಡಬಹುದು. ಗಾಲಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು: ಉದ್ದನೆಯ ಸಿಬಿರನ್ನು ಮುರಿಯದಂತೆ ಮೆಲ್ಲಗೆ ಬಾಗಿಸಿ, ಅದರ ಎರಡೂ ತುದಿಗಳನ್ನು ಒಂದು ತುಂಡು ಬೆಂಡಿಗೆ ಸಿಕ್ಕಿಸಬೇಕು. ಏಳು ವರ್ಷದ ಮಗುವಿಗೆ ಒಂದು ಗಾಲಿ ಸರಿಯಾಗಿ ದುಂಡಗೆ ಬರಲು ಹಲವು ಸಿಬಿರುಗಳು ಮುರಿಯುತ್ತವೆ, ಮುರಿಯಲಿ. ಈ ಕೆಲಸ ಒಂದು ದಿನಕ್ಕೆ ಮುಗಿಯದೆ ಹೋಗುವುದು ಇದೇ ಕಾರಣಕ್ಕೆ, ಮತ್ತು ಮರುದಿನ ಮಗು ತಾನಾಗಿಯೇ ಅದರ ಮುಂದೆ ಬಂದು ಕೂಡುವುದೂ ಇದೇ ಕಾರಣಕ್ಕೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ದಂಟಿನ ಸಿಪ್ಪೆಯ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಸೀಳುವ ಕೆಲಸವನ್ನು ದೊಡ್ಡವರೇ ಮಾಡಿ, ಸಿಬಿರಿನ ಅಂಚುಗಳನ್ನು ಒರಟು ಬಟ್ಟೆಯಿಂದ ಒಮ್ಮೆ ಒರೆಸಿ ಕೊಡಿ. ಚಿಕ್ಕವನಿಗೆ ಸಿಬಿರು ಬೇಡವೇ ಬೇಡ. ಬರೀ ಬೆಂಡಿನ ತುಂಡುಗಳನ್ನು ಕೊಟ್ಟರೆ ಸಾಕು. ಅವನು ಅವುಗಳನ್ನು ಅರಿಸಿನದ ನೀರಿನಲ್ಲಿ, ಬೀಟ್‌ರೂಟಿನ ರಸದಲ್ಲಿ ಅದ್ದಿ ಬಣ್ಣ ಹಚ್ಚಲಿ. ಬೆಂಡು ಬಣ್ಣವನ್ನು ಹೀರಿಕೊಳ್ಳುವುದನ್ನು ನೋಡುವುದೇ ಆ ವಯಸ್ಸಿಗೆ ಸಾಕಷ್ಟು ದೊಡ್ಡ ಸಂಗತಿ. ಬಣ್ಣ ಹಚ್ಚಿ ಒಣಗಿಸಿಕೊಟ್ಟ ಬೆಂಡಿನಿಂದಲೇ ಅಕ್ಕ ಬಂಡಿ ಕಟ್ಟಬೇಕೆಂದು ಮಾಡಿದರೆ ಬಂಡಿಯಲ್ಲಿ ತಮ್ಮನಿಗೂ ಪಾಲು ಬರುತ್ತದೆ, ಎಳೆದು ಹಾಕುವ ಮನಸ್ಸು ಅವನಿಗೆ ಅಷ್ಟಾಗಿ ಬರುವುದಿಲ್ಲ.

ಬಂಡಿ ಸಿದ್ಧವಾದ ಮೇಲೆ ಮಕ್ಕಳನ್ನು ನಿಮ್ಮೂರಿನ ಕೋಟೆಗೇ ಕರೆದುಕೊಂಡು ಹೋಗಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆ ಅದು. ಅದರ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲುಸಾಲಾಗಿ ಕೋಣಗಳನ್ನು ಹೂಡಿ ಎಳೆದು ತಂದ ಚಿತ್ರವನ್ನೂ ಅಲ್ಲಿಯ ಗೋಡೆಯ ಮೇಲೆ ಗೀರಿದ್ದಾರೆ. ಸ್ವತಃ ಗಾಲಿ ಬಾಗಿಸಿದ ಮಗು ಆ ಚಿತ್ರದಲ್ಲಿ ಮೊದಲು ಹುಡುಕುವುದು ಗಾಲಿಯನ್ನೇ. ಶಾಲೆಯಿಂದ ಮಕ್ಕಳನ್ನು ಕರೆದೊಯ್ಯುತ್ತಿದ್ದ ವರ್ಷಗಳಲ್ಲಿ ನಾನು ಇದನ್ನು ಗಮನಿಸಿದ್ದೇನೆ. ಇಸವಿ, ರಾಜರ ಹೆಸರು ಹೇಳಿದಾಗ ಅತ್ತಿತ್ತ ನೋಡುತ್ತಿದ್ದ ಮಕ್ಕಳೂ ಆ ಕೋಣಗಳನ್ನು ಎಣಿಸಲು ತಾವೇ ಮುಂದಾಗುತ್ತಿದ್ದರು. ಬೆಳಿಗ್ಗೆ ಏಳರೊಳಗೆ ಹೋಗಿ ಒಂಬತ್ತಕ್ಕೆ ಮನೆ ಸೇರಿಬಿಡಿ.

ಉತ್ತರ: ಮೊಮ್ಮಕ್ಕಳ ಅಜ್ಜಿ, ಕೊಪ್ಪಳ

ಗುರುಗಳು ದಂಟಿನ ಮಾತು ಹೇಳಿದ್ದಾರೆ, ನಾನು ಮಣ್ಣಿನ ಮಾತು ಹೇಳುತ್ತೇನೆ. ನಮ್ಮ ಕಡೆ ಕಾರಹುಣ್ಣಿಮೆಯ ನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಎತ್ತುಗಳನ್ನು ಮಾಡಿ ಪೂಜಿಸುತ್ತೇವೆ. ಅಷ್ಟು ಹೊತ್ತಿಗೆ ಶಾಲೆ ಶುರುವಾಗಿ ಮಕ್ಕಳಿಗೆ ಬಿಡುವು ಇರುವುದಿಲ್ಲವಾದ್ದರಿಂದ ಈಗ ಈಚೆಗೆ ಬಹಳ ಮನೆಗಳಲ್ಲಿ ಪೇಟೆಯಿಂದ ಮಾಡಿದ್ದನ್ನೇ ತರುತ್ತಾರೆ. ನಾನು ಮೊಮ್ಮಕ್ಕಳಿಗೆ ಸೂಟಿಯಲ್ಲಿಯೇ ಕೈ ರೂಢಿ ಮಾಡಿಸುತ್ತೇನೆ. ಎರಡು ಎತ್ತು, ಅವುಗಳ ಮುಂದೆ ಒಂದು ಗ್ವಾದಲಿ (ಮೇವು ಹಾಕುವ ತೊಟ್ಟಿ), ಇಷ್ಟು ಮಾಡಲು ಕಲಿತರೆ ಅಮಾವಾಸ್ಯೆಯ ಹಿಂದಿನ ಸಂಜೆ ತಾವೇ ಕೂತು ಮಾಡುತ್ತಾರೆ.

ಹೊಲದ ಎರೆಮಣ್ಣನ್ನು ಹಾಗೆಯೇ ಉಪಯೋಗಿಸಬೇಡಿ. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದರಿಂದಲೇ. ಕುಂಬಾರರಲ್ಲಿ ಹದ ಮಾಡಿದ ಮಣ್ಣು ಕೇಳಿ ತರುವುದು ಒಳ್ಳೆಯದು. ಎರೆಮಣ್ಣೇ ಗತಿಯೆಂದರೆ ಅದನ್ನು ಪುಡಿ ಮಾಡಿ ಜರಡಿ ಹಿಡಿದು, ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಸ್ವಲ್ಪ ಸಣ್ಣ ಮರಳನ್ನೂ ಬಿಡಿಸಿದ ಹತ್ತಿಯ ಎಳೆಗಳನ್ನೂ ಬೆರೆಸಿ ಚೆನ್ನಾಗಿ ನಾದಬೇಕು. ನಾದುವ ಕೆಲಸ ಪೂರ್ತಿ ನಿಮ್ಮ ನಾಲ್ಕು ವರ್ಷದವನದು. ರೊಟ್ಟಿಯ ಹಿಟ್ಟು ನಾದುವಾಗ ನಿಮ್ಮ ಕೈ ನೋಡಿರುತ್ತಾನಲ್ಲ, ಹೇಳಿಕೊಡುವುದೇ ಬೇಕಾಗುವುದಿಲ್ಲ. ಮಾಡಿದ ಎತ್ತುಗಳನ್ನು ಬಿಸಿಲಿಗೆ ಇಡಬಾರದು. ಒದ್ದೆ ಬಟ್ಟೆ ಮುಚ್ಚಿ ಮೊದಲ ದಿನ, ಆಮೇಲೆ ತೆರೆದು ನೆರಳಿನಲ್ಲಿ ಒಣಗಿಸಿ. ಕೊಂಬು ಮತ್ತು ಕಾಲು ಕೂಡಿಸುವ ಕಡೆ ಎರಡೂ ಬದಿಗೆ ಕಡ್ಡಿಯಿಂದ ಗೀರು ಹಾಕಿ ಮಣ್ಣಿನ ತಿಳಿ ಸವರಿದರೆ ಕಳಚುವುದಿಲ್ಲ.

ಹಿಂದೆ ಎತ್ತಿನ ಕಣ್ಣಿಗೆ ಗುಲಗಂಜಿ ಇಡುತ್ತಿದ್ದುದುಂಟು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಖಂಡಿತ ಬೇಡ. ಗುಲಗಂಜಿಯ ಬೀಜ ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಜೋಳದ ಕಾಳು ಸಾಕು, ಅದನ್ನೂ ನೀವೇ ಒತ್ತಿ ಕೂರಿಸಿ, ಏಕೆಂದರೆ ಈ ವಯಸ್ಸಿನವರು ಕಾಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ.

ಅಂಟಿನ ವಿಷಯ ನೀವು ಕೇಳಿಲ್ಲ, ಆದರೂ ಬೇಕಾಗುತ್ತದೆ. ಈಗ ಹೊಸ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಕಾಲ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಯಿಟ್ಟು ನುಣ್ಣಗೆ ರುಬ್ಬಿ ನೀರಿನಲ್ಲಿ ಕುದಿಸಿದರೆ ಗಟ್ಟಿ ಅಂಟಾಗುತ್ತದೆ. ನಮ್ಮ ಕಿನ್ನಾಳದ ಚಿತ್ರಗಾರರು ಗೊಂಬೆಯ ಭಾಗಗಳನ್ನು ಕೂಡಿಸುವುದು ಈ ಹುಣಸೆ ಬೀಜದ ಅಂಟಿನಿಂದಲೇ. ಗೋಣಿಯ ನಾರನ್ನು ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ ಇದೇ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತಿ, ಹಗುರವಾದ ಮರದ ಗೊಂಬೆಗೆ ಮೈ ತುಂಬುತ್ತಾರೆ. ಹಳೆಯ ಗೋಣಿಚೀಲ, ದಿನಪತ್ರಿಕೆಯ ಚೂರು ಇದ್ದರೆ ಮನೆಯಲ್ಲಿಯೂ ಅಂತಹದೇ ಒಂದು ಮುದ್ದೆ ಮಾಡಿಕೊಳ್ಳಬಹುದು. ಹುಳು ಬೀಳಬಾರದೆಂದು ಕೆಲವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದೂ ವಿಷವೇ ಆದ್ದರಿಂದ ಮಕ್ಕಳ ಕೈಗೆ ಹೋಗುವ ಅಂಟಿಗೆ ಹಾಕಬಾರದು. ಎರಡು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ.

ಅದೇ ಹುಣಸೆ ಬೀಜದಲ್ಲಿ ನಾಲ್ಕನ್ನು ಎತ್ತಿಟ್ಟು, ಅಂಗಳದ ಕಲ್ಲಿಗೆ ಒಂದು ಬದಿ ಮಾತ್ರ ಬಿಳಿ ಬರುವವರೆಗೆ ಉಜ್ಜಿಸಿರಿ. ಚೌಕಾಬಾರಕ್ಕೆ ಅವೇ ದಾಳ. ಆಟದ ಮನೆಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದರಾಯಿತು. ನಿಮ್ಮ ಅತ್ತೆಯವರು ಎದ್ದ ಮೇಲೆ ಅವರನ್ನೂ ಆಟಕ್ಕೆ ಕರೆಯಿರಿ.

ಉತ್ತರ: ಮೂರು ಮಕ್ಕಳ ತಂದೆ, ಬಳ್ಳಾರಿ

ಅಕ್ಕನವರೇ, ಮೊಬೈಲಿನ ಬಗ್ಗೆ ನಿಮಗಿರುವ ಅಸಮಾಧಾನ ನ್ಯಾಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂದಿದೆ. ಆದರೆ ಕಸಿದುಕೊಂಡು ಬಿಟ್ಟರೆ ಆಗುವುದಿಲ್ಲ, ಆ ಹೊತ್ತಿಗೆ ಬೇರೆ ಕೆಲಸ ಕಾದಿರಬೇಕು.

ನಮ್ಮ ಮನೆಯಲ್ಲಿ ಆ ಕೆಲಸ ಕೌದಿ, ಅಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿಯುವ ಹೊದಿಕೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬಹಳ ಇರುವುದರಿಂದ ಚಿಂದಿಗೆ ಕೊರತೆಯಿಲ್ಲ, ಆದರೆ ಜೀನ್ಸ್ ಬಟ್ಟೆ ದಪ್ಪವಾಗಿ ಮಕ್ಕಳ ಕೈಯಲ್ಲಿ ಸೂಜಿ ಇಳಿಯುವುದಿಲ್ಲ. ಹಳೆಯ ಹತ್ತಿ ಸೀರೆ, ಅಂಗಿಗಳೇ ವಾಸಿ. ನಮ್ಮ ತಾಯಿ ಹಳೆಯ ಸೀರೆಯನ್ನು ನೆಲಕ್ಕೆ ಹಾಸುತ್ತಾರೆ, ಮಕ್ಕಳು ಅದರ ಮೇಲೆ ತುಂಡುಗಳನ್ನು ಜೋಡಿಸುತ್ತಾರೆ. ಯಾವ ತುಂಡಿನ ಪಕ್ಕದಲ್ಲಿ ಯಾವುದು ಬರಬೇಕೆಂಬ ತೀರ್ಮಾನ ಪೂರ್ತಿಯಾಗಿ ಅವರದೇ. ಹಳದಿಯ ಪಕ್ಕದಲ್ಲಿ ಹಳದಿಯನ್ನೇ ಇಟ್ಟರೂ ನಾವು ಬದಲಾಯಿಸುವುದಿಲ್ಲ. ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಮಗು ಮಾಡಿದ್ದನ್ನು ಚೆಂದ ಕಾಣಲೆಂದು ದೊಡ್ಡವರು ತಿದ್ದಿದ ಕ್ಷಣಕ್ಕೆ ಅದು ಮಗುವಿನ ವಸ್ತುವಾಗಿ ಉಳಿಯುವುದಿಲ್ಲ, ಮತ್ತು ಅದನ್ನು ಮಗು ಯಾರೂ ಹೇಳದೆಯೇ ಅರಿತುಕೊಳ್ಳುತ್ತದೆ. ಮೊಂಡು ತುದಿಯ ದೊಡ್ಡ ಸೂಜಿ ಕೊಟ್ಟು, ಅಜ್ಜಿಯ ಪಕ್ಕದಲ್ಲಿ ಕುಳ್ಳಿರಿಸಿದರೆ ಏಳು ವರ್ಷದ ಮಗಳು ಓಡುಹೊಲಿಗೆ ಹಾಕಬಲ್ಲಳು. ಇದರಲ್ಲಿ ಗದ್ದಲವೂ ಇಲ್ಲ.

ಪ್ರವಾಸಕ್ಕೆ ಗಂಗಾವತಿಯ ದಾರಿಯಾಗಿ ಆನೆಗೊಂದಿಗೆ ಹೋಗಿ, ರಾತ್ರಿ ಅಲ್ಲಿಯೇ ಉಳಿದುಕೊಳ್ಳಿ. ಅಂಜನಾದ್ರಿ ಬೆಟ್ಟಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕು ವರ್ಷದ ಮಗುವಿನೊಂದಿಗೆ ಹತ್ತುವುದು ಬೇಡ. ಅದರ ಬದಲು ಊರೊಳಗೆ ಬಾಳೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುವ ಹೆಣ್ಣುಮಕ್ಕಳ ಕೆಲಸವನ್ನು ತೋರಿಸಿ. ಒಣಗಿದ ಬಾಳೆಪಟ್ಟೆಯ ಎಳೆಗಳನ್ನು ಮೂರು ಕಾಲಿನ ಜಡೆಯಂತೆ ಹೆಣೆದು ಹಗ್ಗ ಮಾಡುವುದನ್ನು ನಿಮ್ಮ ಮಗಳು ಕೂತಲ್ಲೇ ಕಲಿಯುತ್ತಾಳೆ. ತುಂಗಭದ್ರೆಯ ದಡಕ್ಕೆ ಹೋದರೆ ಮಕ್ಕಳ ಕೈ ಬಿಡಬೇಡಿ, ಮೇಲೆ ಶಾಂತವಾಗಿ ಕಾಣುವ ನೀರಿನಲ್ಲಿ ಬಂಡೆಗಳ ನಡುವೆ ಸೆಳೆತವಿರುತ್ತದೆ. ಮರುದಿನ ನಸುಕಿನಲ್ಲಿ ಹೊರಟು ಕಿನ್ನಾಳಕ್ಕೂ, ಹೊತ್ತು ಉಳಿದರೆ ಇಟಗಿಯ ಮಹಾದೇವ ದೇವಾಲಯಕ್ಕೂ ಹೋಗಬಹುದು. 1112ರಲ್ಲಿ ಕಟ್ಟಿದ ಆ ಗುಡಿಯನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಚಪ್ಪಲಿ ಬಿಟ್ಟು ನಡೆಯಬೇಕಾದ ಕಲ್ಲುಹಾಸು ಹತ್ತು ಗಂಟೆಗೆಲ್ಲ ಕಾದಿರುತ್ತದೆ, ಮಕ್ಕಳಿಗೆ ದಪ್ಪನೆಯ ಕಾಲುಚೀಲ ಇಟ್ಟುಕೊಳ್ಳಿ. ಕುಡಿಯಲು ನೀರಿನ ಜೊತೆ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿಯೂ ಇರಲಿ.

ಮರುಪ್ರಶ್ನೆ: ಇಬ್ಬರು ಮಕ್ಕಳ ತಾಯಿ, ರಾಯಚೂರು

ಮೂವರಿಗೂ ಮನಃಪೂರ್ವಕ ವಂದನೆಗಳು. ಅತ್ತೆಯವರಿಗೆ ಓದಿ ಹೇಳಿದೆ. ಕೌದಿಯ ಮಾತು ಬಂದ ಕೂಡಲೇ ಟ್ರಂಕಿನಿಂದ ತಮ್ಮ ಎರಡು ಹಳೆಯ ಇಳಕಲ್ ಸೀರೆಗಳನ್ನು ತೆಗೆದು ಕೊಟ್ಟಿದ್ದಾರೆ. ಸಿರವಾರದ ಕಡೆಯಿಂದ ದಂಟು ತರಿಸಲು ತಮ್ಮನಿಗೆ ಹೇಳಿದ್ದೇನೆ. ಗುರುಗಳಲ್ಲಿ ಒಂದು ಸಂದೇಹ: ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಕೂಡಬೇಕೆಂದು ನಿಯಮ ಮಾಡಬೇಕೇ, ಮತ್ತು ಅರ್ಧ ಆದದ್ದನ್ನು ಎಲ್ಲಿ ಇಡುವುದು? ನಮ್ಮದು ಚಿಕ್ಕ ಮನೆ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಸಿಂಧನೂರು ತಾಲ್ಲೂಕು

ಹೊತ್ತಿನ ನಿಯಮ ಬೇಡ ತಂಗಿ. ಮಗಳು ಗಂಟೆಗಟ್ಟಲೆ ಕುಳಿತರೂ ಸರಿ, ಚಿಕ್ಕವನು ಹತ್ತು ನಿಮಿಷಕ್ಕೆ ಎದ್ದು ಹೋದರೂ ಸರಿ. ಇಬ್ಬರಿಗೂ ಒಂದೊಂದು ಅಗಲವಾದ ಮೊರ ಕೊಡಿ. ಅರ್ಧ ಆದ ಕೆಲಸ, ಉಳಿದ ಬೆಂಡು, ಚಿಂದಿ ಎಲ್ಲವೂ ಅದರಲ್ಲೇ ಇರಲಿ, ಏಳುವಾಗ ಮೊರವನ್ನು ಹಾಗೆಯೇ ಎತ್ತಿ ಕಪಾಟಿನ ಮೇಲಿಟ್ಟರೆ ಮುಗಿಯಿತು. ಒಬ್ಬರ ಮೊರಕ್ಕೆ ಇನ್ನೊಬ್ಬರು ಕೇಳದೆ ಕೈ ಹಾಕಬಾರದೆಂಬುದೊಂದೇ ನಿಯಮವಿರಲಿ, ಅದು ಮನೆಯ ದೊಡ್ಡವರಿಗೂ ಅನ್ವಯಿಸಬೇಕು. ದಂಟನ್ನು ಮನೆಯೊಳಗೆ ತರುವ ಮೊದಲು ಒಂದು ದಿನ ಮಾಳಿಗೆಯ ಬಿಸಿಲಿಗೆ ಹರಡಿ, ಚೆನ್ನಾಗಿ ಜಾಡಿಸಿ. ಬಣವೆಯ ಕಣಿಕಿಯಲ್ಲಿ ಚೇಳು ಅಡಗಿರುವುದುಂಟು.