ಸ್ವಿಫ್ಟ್‌ಗೆ ಕಾಯಿಲೋವರ್: ಮಲೆನಾಡಿನ ರಸ್ತೆಯಲ್ಲಿ ಓಡಿಸಿದವರ ಅನುಭವ

ಹಾಸನದಿಂದ ಪ್ರಶ್ನೆ

ನಮ್ಮದು 2018ರ ಸ್ವಿಫ್ಟ್. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ (ಶಾಕ್) ಎಣ್ಣೆ ಸೋರುತ್ತಿದೆ. ಹೇಗೂ ಬದಲಾಯಿಸಬೇಕಲ್ಲ, ಕಾಯಿಲೋವರ್ ಕಿಟ್ (ಶಾಕಿನ ಸುತ್ತ ಸ್ಪ್ರಿಂಗ್ ಇದ್ದು, ಕಾರಿನ ಎತ್ತರ ಹೊಂದಿಸಬಹುದಾದ ಜೋಡಣೆ) ಹಾಕಿಸೋಣ ಎಂದುಕೊಂಡಿದ್ದೇನೆ. ವಾರಕ್ಕೊಮ್ಮೆ ಸಕಲೇಶಪುರದ ಆಚೆಗಿನ ತೋಟಕ್ಕೆ ಅಪ್ಪ ಅಮ್ಮನ ಜೊತೆ ಹೋಗಬೇಕು. ಕಾರು ಸ್ವಲ್ಪ ತಗ್ಗಾಗಿ ಕಾಣಲಿ ಎಂಬ ಆಸೆಯೂ ಇದೆ. ಕಿಟ್ ಜೊತೆಗೆ ಇನ್ನೇನು ಕೊಳ್ಳಬೇಕು? ಹಾಕಿಸಿದವರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನಿಂದ

ನನ್ನದೂ ಸ್ವಿಫ್ಟ್. ಕಾಯಿಲೋವರ್ ಹಾಕಿಸಿ ಮೂರು ಮಳೆಗಾಲ ಕಳೆದಿವೆ. ಮೊದಲು ತಗ್ಗಿಸುವ ಆಸೆ ಬಿಡಿ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ ಇರುವುದೇ 163 ಮಿ.ಮೀ. ನಾಲ್ಕು ಜನ ಕುಳಿತು ಡಿಕ್ಕಿಗೆ ಒಂದು ಮೂಟೆ ಹಾಕಿದರೆ ಅದರಲ್ಲೂ ಒಂದಷ್ಟು ಹೋಗುತ್ತದೆ. ನಾನು ಮೊದಲ ವರ್ಷ 35 ಮಿ.ಮೀ. ಇಳಿಸಿದ್ದೆ. ಆಲ್ದೂರಿನ ಕಡೆ ಒಂದು ತೋಟದ ದಾರಿಯಲ್ಲಿ ಎರಡು ಚಕ್ರಗಳ ಜಾಡಿನ ನಡುವೆ ಎದ್ದಿದ್ದ ದಿಬ್ಬ ಕಾರಿನ ಹೊಟ್ಟೆಯನ್ನು ಉದ್ದಕ್ಕೂ ಉಜ್ಜಿತು, ಸೈಲೆನ್ಸರ್ ಪೈಪು ಜಜ್ಜಿಹೋಯಿತು. ಅದಾದರೂ ಒಂದು ದಿನದ ನಷ್ಟ. ದಿನವೂ ಕಾಡಿದ್ದು ಬೇರೆ: ಶಾಕ್‌ಗೆ ಕುಗ್ಗಲು ಜಾಗವೇ ಉಳಿಯದೆ ಪ್ರತಿ ಗುಂಡಿಗೂ ಕೊನೆಯಲ್ಲಿ ತಡೆಯುವ ರಬ್ಬರಾದ ಬಂಪ್ ಸ್ಟಾಪ್‌ಗೆ ಬಡಿಯುತ್ತಿತ್ತು. ಟೈರುಗಳ ಒಳ ಅಂಚು ಬೇಗ ಸವೆಯಿತು. ಈಗ ಮುಂದೆ ಕೇವಲ 10 ಮಿ.ಮೀ. ಇಳಿಸಿದ್ದೇನೆ, ಹಿಂದೆ ಕಂಪನಿಯ ಎತ್ತರವನ್ನೇ ಇಟ್ಟಿದ್ದೇನೆ. ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೆದಾಗ ನೋಡಿದವರಿಗೆ, ಕಾಯಿಲೋವರ್ ಎಂದರೆ ಕಾರು ತಗ್ಗಾಗಲೇಬೇಕೆಂದಿಲ್ಲ ಎಂಬುದು ಗೊತ್ತು. ಆ ಕಾರುಗಳಲ್ಲೂ ಸ್ಪ್ರಿಂಗು ಶಾಕಿನ ಸುತ್ತಲೇ ಇರುತ್ತದೆ, ಆದರೂ ಅವು ನೆಲದಿಂದ ಎತ್ತರದಲ್ಲಿ ನಿಲ್ಲುತ್ತವೆ.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು, ಎತ್ತರ ಹೊಂದಿಸುವುದು ಎಲ್ಲಿಂದ ಎಂದು. ಅಗ್ಗದ ಕಿಟ್‌ಗಳಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲನ್ನು ತಿರುಗಿಸಿ ಇಳಿಸುತ್ತಾರೆ. ಇಳಿಸಿದಷ್ಟೂ ಶಾಕ್‌ನ ಓಟ (ಅದು ಕುಗ್ಗಲು ಇರುವ ಜಾಗ) ಕಡಿಮೆಯಾಗುತ್ತದೆ. ಇನ್ನೊಂದು ಬಗೆಯಲ್ಲಿ ಸ್ಪ್ರಿಂಗನ್ನು ಮುಟ್ಟದೆ ಕೆಳಗಿನ ಬ್ರಾಕೆಟ್ಟನ್ನೇ ಥ್ರೆಡ್ ಮೇಲೆ ಏರಿಸಿ ಇಳಿಸಬಹುದು, ಓಟ ಹಾಗೆಯೇ ಉಳಿಯುತ್ತದೆ. ಎರಡನೆಯದನ್ನೇ ಕೊಳ್ಳಿ. ಸ್ಪ್ರಿಂಗ್‌ನ ಬಿಗಿತವನ್ನೂ ಕೇಳಿ. 4 ಎಂದರೆ 1 ಮಿ.ಮೀ. ಕುಗ್ಗಲು 4 ಕೆ.ಜಿ. ಭಾರ ಬೇಕು ಎಂದರ್ಥ. ಅಂಕಿ ದೊಡ್ಡದಾದಷ್ಟೂ ಹಿಂದೆ ಕುಳಿತ ಹಿರಿಯರ ಬೆನ್ನಿಗೆ ಪೆಟ್ಟು. ಸ್ವಿಫ್ಟ್‌ನ ಹಿಂಬದಿಯಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಅಲ್ಲಿಗೆ ಎತ್ತರ ಹೊಂದಿಸುವ ಭಾಗವೂ ಬೇರೆಯಾಗಿಯೇ ಬರುತ್ತದೆ.

ಜೊತೆಗಿನ ಸಾಮಾನುಗಳ ವಿಷಯದಲ್ಲಿ ಜಿಪುಣತನ ಬೇಡ. ನನ್ನ ಕಾರಿಗೆ ಹಳೆಯ ಟಾಪ್ ಮೌಂಟ್ (ಶಾಕಿನ ಮೇಲ್ತುದಿಯನ್ನು ಕಾರಿನ ಬಾಡಿಗೆ ಹಿಡಿಸುವ ಭಾಗ), ಹಳೆಯ ಬೇರಿಂಗನ್ನೇ ಮತ್ತೆ ಹಾಕಿದ್ದರು. ಗೇಟಿನೊಳಗೆ ಕಾರು ತಿರುಗಿಸುವಾಗಲೆಲ್ಲ ಬಾನೆಟ್ಟಿನ ಕೆಳಗಿಂದ ತಂತಿ ಮೀಟಿದಂತೆ ‘ಟೊಂಯ್’ ಎಂಬ ಸದ್ದು. ಬೇರಿಂಗ್ ಹಿಡಿದುಕೊಂಡಿತ್ತು. ಸ್ಟೀರಿಂಗ್ ತಿರುಗಿದಷ್ಟೂ ಸ್ಪ್ರಿಂಗ್ ಮುರಿಗೆಯಾಗಿ ಕೊನೆಗೆ ಒಮ್ಮೆಲೇ ಬಿಡಿಸಿಕೊಳ್ಳುತ್ತಿತ್ತು. ಮತ್ತೆ ಎಲ್ಲ ಬಿಚ್ಚಿಸಿ, ಎರಡನೆಯ ಸಲ ಕೂಲಿ ಕೊಟ್ಟೆ. ಹೊಸ ರಬ್ಬರ್ ಮೌಂಟ್, ಹೊಸ ಬೇರಿಂಗ್, ಲಿಂಕ್ ರಾಡ್ (ಆಂಟಿ ರೋಲ್ ಬಾರಿಗೆ ಜೋಡಿಸುವ ಸಣ್ಣ ಕಡ್ಡಿ) ಒಂದು ಜೊತೆ, ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿಯುವ ಕೆಳತೋಳಿನ ಕೀಲಿನ ರಬ್ಬರ್) ಇವನ್ನು ಕಿಟ್ ಜೊತೆಯಲ್ಲೇ ತಂದಿಟ್ಟುಕೊಳ್ಳಿ. ರಬ್ಬರ್ ಇಲ್ಲದ, ಲೋಹದ ಗುಂಡಿನ ಮೌಂಟ್ ಬರುವ ಕಿಟ್‌ಗಳೂ ಇವೆ. ನಮ್ಮ ಧೂಳಿಗೂ ಮಳೆಗೂ ಅವು ಬೇಗ ಸವೆದು ಸದ್ದು ಮಾಡುತ್ತವೆ.

ಸಕಲೇಶಪುರದಿಂದ

ನಾನು ಹಾಕಿಸಿ, ಒಂದೂವರೆ ವರ್ಷಕ್ಕೆ ತೆಗೆಸಿದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಕಾರು ನೆಲಕ್ಕೆ ಅಂಟಿಕೊಂಡು ಹೋಗುತ್ತಿತ್ತು, ಅದು ನಿಜ. ಆದರೆ ನನ್ನ ತಾಯಿ ಒಂದು ದಿನ ‘ನಾನು ಬಸ್ಸಿನಲ್ಲೇ ಬರುತ್ತೇನೆ’ ಎಂದರು. ಅಪ್ಪ ಅಮ್ಮನನ್ನು ವಾರವಾರ ಕರೆದೊಯ್ಯುವ ಕಾರಿಗೆ ಕಂಪನಿಯ ಹೊಸ ಶಾಕ್, ಮೌಂಟ್, ಬುಷ್ ಹಾಕಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಹಾಕಿಸುವುದೇ ಆದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. ವಿಮೆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಹಾಸನದ ಗ್ಯಾರೇಜಿನಿಂದ

ಹೊಸ ಮೌಂಟ್ ಕೊಳ್ಳಿ ಎಂದವರ ಮಾತಿಗೆ ಇನ್ನೊಂದು ಕಾರಣ ಸೇರಿಸುತ್ತೇನೆ. ಹಳೆಯ ಮೌಂಟ್ ಬೇಕೆಂದರೆ ಹಳೆಯ ಸ್ಪ್ರಿಂಗನ್ನು ಅದುಮುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಅದುಮಿ ನಡುವಿನ ನಟ್ ಬಿಚ್ಚಬೇಕಾಗುತ್ತದೆ. ಅದುಮದೆ ಆ ನಟ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಪ್ರಾಣಕ್ಕೇ ಎರವಾಗಬಹುದು. ಹೊಸ ಮೌಂಟ್ ಇದ್ದರೆ ಹಳೆಯದನ್ನು ಇಡಿಯಾಗಿ ಇಳಿಸಿ ಬದಿಗಿಡಬಹುದು.

ಹಬ್ (ಚಕ್ರ ಕೂರುವ ಭಾಗ) ಹಿಡಿಯುವ ಎರಡು ಬೋಲ್ಟ್ ತೆಗೆದ ಮೇಲೆ ಹಬ್ಬನ್ನು ತಂತಿಯಲ್ಲಿ ಕಟ್ಟಿ ನಿಲ್ಲಿಸಿ. ಬ್ರೇಕ್ ಹೋಸ್ ಮೇಲೂ ಎಬಿಎಸ್ ವೈರ್ ಮೇಲೂ ಅದರ ಭಾರ ಬೀಳಬಾರದು. ಬುಷ್ ಬೋಲ್ಟ್‌ಗಳನ್ನು ಕಾರು ಜಾಕ್ ಮೇಲಿದ್ದಾಗ ಕೈಬಿಗಿ ಮಾತ್ರ ಮಾಡಿ, ಚಕ್ರ ನೆಲದ ಮೇಲೆ ಭಾರ ಹೊತ್ತ ಮೇಲೆ ಟಾರ್ಕ್ ರೆಂಚ್‌ನಿಂದ ಪೂರ್ತಿ ಬಿಗಿಯಿರಿ. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದ ಬುಷ್, ಕಾರು ಇಳಿಸಿದ ಕ್ಷಣದಿಂದ ತಿರುಚಿಕೊಂಡೇ ಇರುತ್ತದೆ. ಕೆಲವು ತಿಂಗಳಲ್ಲೇ ಹರಿದ ಅಂತಹ ಬುಷ್‌ಗಳನ್ನು ನಾನೇ ಎಷ್ಟೋ ಕಾರುಗಳಿಂದ ತೆಗೆದಿದ್ದೇನೆ. ಮಾಲೀಕರು ಮಾತ್ರ ಬುಷ್ ಕಳಪೆ ಎಂದುಕೊಂಡಿರುತ್ತಾರೆ.

ಎತ್ತರವನ್ನು ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ. ಹಳೆಯ ಅಳತೆಯನ್ನು ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಅಲೈನ್‌ಮೆಂಟ್ ಅದೇ ದಿನ ಆಗಬೇಕು, ಹೆಡ್‌ಲೈಟಿನ ಬೆಳಕೂ ಸರಿ ಬೀಳುತ್ತಿದೆಯೇ ನೋಡಿ. ಸ್ಪ್ರಿಂಗ್ ಕುಳಿತುಕೊಳ್ಳಲು ಸುಮಾರು 500 ಕಿ.ಮೀ. ಓಡಬೇಕು. ಆಮೇಲೆ ಎಲ್ಲ ಬೋಲ್ಟ್, ಹೊಂದಿಸಿದ ಎತ್ತರ ಕದಲದಂತೆ ಹಿಡಿಯುವ ಲಾಕ್ ರಿಂಗ್ ಇನ್ನೊಮ್ಮೆ ಬಿಗಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ನೋಡಿಸಿ.

ಮೂಡಿಗೆರೆಯಿಂದ

ಮಳೆಗಾಲದ ಆರೈಕೆಯ ಮಾತು ಯಾರೂ ಹೇಳಲಿಲ್ಲ. ಕೆಸರು ಎತ್ತರ ಹೊಂದಿಸುವ ಥ್ರೆಡ್‌ನೊಳಗೆ ಒಣಗಿ ಕಲ್ಲಾದರೆ ಲಾಕ್ ರಿಂಗ್ ಮಿಸುಕುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಥ್ರೆಡ್ಡೇ ಕಿತ್ತುಬರುತ್ತದೆ. ಜೂನ್‌ಗೆ ಮುಂಚೆ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತಿಕ್ಕಿ, ತುಕ್ಕು ತಡೆಯುವ ಎಣ್ಣೆ ಸವರಿ, ಮೇಲೆ ಬಟ್ಟೆಯ ಕವಚ ಹಾಕಿ. ಮಳೆ ನಿಂತ ಮೇಲೆ ಕವಚ ತೆಗೆದು ತೊಳೆಯಿರಿ. ಒಳಗೆ ಕೆಸರು ಉಳಿದರೆ ಕವಚವೇ ಅದನ್ನು ಒದ್ದೆಯಾಗಿ ಹಿಡಿದಿಟ್ಟುಕೊಳ್ಳುತ್ತದೆ.