500 ವ್ಯಾಟು ಎಲ್ಲಿ ಉಂಟು, ಮಾವ?

ಪೆರ್ಲ ಮಾವ: (ಫೋಟೋ) ಚಿನ್ನೂ, ಇದು ನೋಡು. ಕ್ಯಾಬಿನೆಟ್ ತೆಗೆದುಕೊಂಡರೆ ಒಳಗೆ ಕರೆಂಟು ಕೊಡುವ ಪೆಟ್ಟಿಗೆ, 500 ವ್ಯಾಟಿನ ಎಸ್‌ಎಂಪಿಎಸ್, ಫ್ರೀ. ಇವತ್ತು ಪೇಟೆಗೆ ಹೋದಾಗ ಕೇಳಿ ಫೋಟೋ ತೆಗೆದೆ. ನಿನ್ನ ಹೊಸ ಕಂಪ್ಯೂಟರಿನ ಪಟ್ಟಿಯಲ್ಲಿ ಅದೊಂದಕ್ಕೇ 4,500 ರೂಪಾಯಿ ಬರೆದಿದ್ದೀ. ಸುಮ್ನೆ ದುಡ್ಡು ಹಾಳು.

ಚಿನ್ನು: ಹಾಗಾದರೆ ಆ ದುಡ್ಡಲ್ಲಿ ರ‍್ಯಾಮ್ ಜಾಸ್ತಿ ಹಾಕಬಹುದಾ 😀

ಉಪ್ಪಳ ಭಾವ: ಬೇಡ. ಬೇಕಾದರೆ ರ‍್ಯಾಮ್ ಕಡಿಮೆ ಮಾಡು, ಇದನ್ನು ಮಾತ್ರ ಮುಟ್ಟಬೇಡ.

ಪೆರ್ಲ ಮಾವ: ಲೆಕ್ಕ ನನಗೂ ಬರುತ್ತದೆ ಮಾರಾಯ. ರೈಜನ್ 5 5600 ಪ್ರೊಸೆಸರು, 65 ವ್ಯಾಟು. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು, 115. ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ 50 ಇಟ್ಟುಕೋ. 230 ಆಯಿತು. 500ರಲ್ಲಿ ಅರ್ಧವೂ ಇಲ್ಲ. ಮತ್ತೆ ಎಂತಕ್ಕೆ ಹೆದರುವುದು?

ಉಪ್ಪಳ ಭಾವ: ನಿಮ್ಮ 230 ಹೆಚ್ಚುಕಡಿಮೆ ಸರಿ. 5600 ಜೋರಾಗಿ ಓಡುವಾಗ 76ರ ತನಕ ಹೋಗುತ್ತದೆ, ಅದು ಬಿಡಿ. ಸರಿ ಇಲ್ಲದ್ದು ಆ 500. ನಿಮ್ಮದೇ ಫೋಟೋ ದೊಡ್ಡದು ಮಾಡಿ ನೋಡಿ, ಬದಿಯ ಸ್ಟಿಕರಿನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ?

ಪೆರ್ಲ ಮಾವ: 16

ಉಪ್ಪಳ ಭಾವ: 12ರಿಂದ ಗುಣಿಸಿ.

ನೀರ್ಚಾಲು ಅಕ್ಕ: 192!

ಉಪ್ಪಳ ಭಾವ: ಅಷ್ಟೇ. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಉಣ್ಣುವುದು 12 ವೋಲ್ಟಿನ ಬಟ್ಟಲಿನಿಂದಲೇ. ಉಳಿದ ವ್ಯಾಟುಗಳನ್ನು 5 ವೋಲ್ಟು, 3.3 ವೋಲ್ಟಿನಲ್ಲಿ ತುಂಬಿಸಿ ಲೆಕ್ಕ ದೊಡ್ಡದು ಮಾಡಿರುತ್ತಾರೆ. ಈಗಿನ ಕಂಪ್ಯೂಟರಿಗೆ ಅದು ಜಾಸ್ತಿ ಬೇಡವೇ ಬೇಡ. ಒಳ್ಳೆಯ 550ರ ಒಂದು ತೆಗೆದು ನೋಡಿ, ಬರೆದ ವ್ಯಾಟು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿನಲ್ಲೇ ಸಿಗುತ್ತದೆ, 45 ಆಂಪಿಯರಿನ ಹತ್ತಿರ. 4060ಕ್ಕೆ ಅದನ್ನು ಮಾಡುವ ಎನ್‌ವಿಡಿಯಾದವರೇ 550 ಇರಲಿ ಎಂದಿದ್ದಾರೆ. ಕಾರ್ಡು ಕಣ್ಣುಮುಚ್ಚಿ ತೆಗೆಯುವಷ್ಟರೊಳಗೆ ಒಮ್ಮೊಮ್ಮೆ ಎರಡು ಪಾಲು ಎಳೆಯುತ್ತದೆ, ಅದಕ್ಕೆ.

ಪೆರ್ಲ ಮಾವ: ಹಾಗೆ ಸುಳ್ಳು ಬರೆದು ಮಾರಲಿಕ್ಕೆ ಬಿಡುತ್ತಾರಾ?

ನೀರ್ಚಾಲು ಅಕ್ಕ: ಮಾವ, ನಮ್ಮ ಮೊದಲ ಕಂಪ್ಯೂಟರ್ ನೆನಪು ಉಂಟಾ? ಅದರಲ್ಲೂ ಹೀಗೇ ಫ್ರೀ ಬಂದದ್ದು. ಸಿಡಿಲಿಲ್ಲ, ಮಳೆಯಿಲ್ಲ, ಬರೀ ಕರೆಂಟು ಹೋಗಿ ಬಂತು. ಟಪ್ ಎಂದಿತು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಪರವಾಗಿಲ್ಲ, ಬೋರ್ಡು ಹೋಯಿತು, ಹಾರ್ಡ್ ಡಿಸ್ಕು ಹೋಯಿತು, ಅಪ್ಪನ ಷಷ್ಟ್ಯಬ್ದಿಯ ಫೋಟೋ ಅಷ್ಟೂ ಹೋಯಿತು.

ಉಪ್ಪಳ ಭಾವ: ಸಾಯುವಾಗ ಒಬ್ಬನೇ ಸಾಯುವ ಎಸ್‌ಎಂಪಿಎಸ್ ಬೇಕು, ಅದಕ್ಕೇ ದುಡ್ಡು ಕೊಡುವುದು. ವೋಲ್ಟೇಜು ಮೇಲೆ ಹೋದರೆ, ಶಾರ್ಟ್ ಆದರೆ, ಬಿಸಿ ಏರಿದರೆ ತಾನೇ ಬಂದ್ ಆಗಬೇಕು.

ಪೆರ್ಲ ಮಾವ: ಸರಿಯಪ್ಪ, ದೊಡ್ಡ ಕಂಪನಿಯದ್ದು, ಗೋಲ್ಡ್ ಎಂದು ಬರೆದದ್ದು ತರಲಿ. ಕಥೆ ಮುಗಿಯಿತಲ್ಲ?

ಉಪ್ಪಳ ಭಾವ: ಅದೂ ಇಲ್ಲ 😅 ಗಿಗಾಬೈಟ್ ಕಂಪನಿಯ ಪಿ750ಜಿಎಂ ಎಂಬುದರಲ್ಲಿ ಗೋಲ್ಡ್ ಸ್ಟಿಕರೇ ಇತ್ತು. ಪರೀಕ್ಷೆ ಮಾಡಿದವರ ಕೈಯಲ್ಲಿ ಸಿಡಿಯಿತು. 2021ರಲ್ಲಿ ಕಂಪನಿಯೇ ಹೇಳಿಕೆ ಕೊಟ್ಟು, ಓವರ್‌ಲೋಡಿಗೆ ಬಂದ್ ಆಗುವ ಮಿತಿಯನ್ನು ಶೇಕಡಾ 120-150ರಿಂದ 110-120ಕ್ಕೆ ಇಳಿಸಿತು, ಹಳೆಯದು ಇದ್ದವರಿಗೆ ಬದಲಿಸಿ ಕೊಡುತ್ತೇನೆ ಎಂದಿತು. ಬ್ರಾಂಜ್, ಗೋಲ್ಡ್ ಎಲ್ಲ ಹೇಳುವುದು ಕರೆಂಟು ಎಷ್ಟು ಪೋಲಾಗುತ್ತದೆ ಎಂದು ಮಾತ್ರ. ಸುರಕ್ಷೆಯ ಸರ್ಟಿಫಿಕೇಟು ಅಲ್ಲ ಅದು. ಹಾಗಾಗಿ ಕಂಪನಿ ನೋಡಬೇಡ ಚಿನ್ನು, ಆ ಮಾಡೆಲ್ಲನ್ನೇ ಯಾರಾದರೂ ಬಿಚ್ಚಿ, ಲೋಡು ಹಾಕಿ ನೋಡಿದ್ದಾರಾ ಎಂದು ನೋಡು. ವಾರಂಟಿ 5 ವರ್ಷ ಇರಲಿ. ಬ್ರಾಂಜ್ ಸಾಕು.

ಬದಿಯಡ್ಕ ಅತ್ತೆ: 550 ಎಂದರೆ ಕರೆಂಟು ಬಿಲ್ಲು ಜಾಸ್ತಿ ಬರುವುದಿಲ್ಲವಾ?

ಚಿನ್ನು: ಇಲ್ಲ ಅತ್ತೆ, ಬೇಕಾದಷ್ಟೇ ಎಳೆಯುವುದು. ಹಂಡೆ ದೊಡ್ಡದಾದರೆ ಸ್ನಾನಕ್ಕೆ ನೀರು ಜಾಸ್ತಿ ಬೇಕಾ?

ಬದಿಯಡ್ಕ ಅತ್ತೆ: ನೀನು ಸ್ನಾನ ಮಾಡಿದರೆ ತಾನೇ.

ಪೆರ್ಲ ಮಾವ: ಮನೆಯಲ್ಲಿ ಇನ್ವರ್ಟರ್ ಉಂಟಲ್ಲ, ಕರೆಂಟು ಹೋದರೂ ಎಂತ ಆಗುವುದು?

ಉಪ್ಪಳ ಭಾವ: ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಸ್ವಿಚ್ಚು ಇದ್ದರೆ ಅದರಲ್ಲಿ ಇಡಿ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟು ನಿಂತ ಮೇಲೆ 16 ಮಿಲಿಸೆಕೆಂಡಿನಷ್ಟು ದಮ್ಮು ಕಟ್ಟುತ್ತದೆ, ಅಷ್ಟರೊಳಗೆ ಇನ್ವರ್ಟರು ಹಿಡಿದುಕೊಳ್ಳಬೇಕು. ಫ್ರೀ ಮಾಲಿಗೆ ಆ ದಮ್ಮೂ ಕಡಿಮೆ. ತುಲಾ ತಿಂಗಳ ಸಿಡಿಲಿಗೆ ಮಾತ್ರ ಯಾವುದೂ ನಿಲ್ಲುವುದಿಲ್ಲ. ಸಂಜೆ ಗುಡುಗು ಕೇಳಿದರೆ ಪ್ಲಗ್ಗೇ ಎಳೆಯಬೇಕು.

ಪೆರ್ಲ ಮಾವ: ಪ್ಲಗ್ಗಿನ ಮಾತು ಬಂತಲ್ಲ, ಈಗ ನಾನು ಒಂದು ಕೇಳುತ್ತೇನೆ. ಚಿನ್ನು ಕಂಪ್ಯೂಟರ್ ಇಡುವುದು ಮಾಳಿಗೆಯ ಕೋಣೆಯಲ್ಲಿ ಅಲ್ವಾ? ಆ ಕೋಣೆಗೆ ವೈರಿಂಗ್ ಮಾಡಿಸಿದ್ದು ನಾನು, ಇಪ್ಪತ್ತೈದು ವರ್ಷ ಹಿಂದೆ. ಸಾಕೆಟಿಗೆ ಮೂರು ತೂತು ಉಂಟು, ಮೇಲಿನ ಅರ್ತ್ ತೂತಿಗೆ ತಂತಿಯೇ ಎಳೆದಿಲ್ಲ.

ಉಪ್ಪಳ ಭಾವ: ಅಯ್ಯೋ.

ಚಿನ್ನು: ಅದಕ್ಕೇನಾ ಲ್ಯಾಪ್‌ಟಾಪು ಚಾರ್ಜಿಗೆ ಹಾಕಿದಾಗ ಮೈ ಮುಟ್ಟಿದರೆ ಜುಮ್ ಎನ್ನುವುದು?

ಉಪ್ಪಳ ಭಾವ: ಅದೇ. ಕ್ಯಾಬಿನೆಟ್ಟಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎಸ್‌ಎಂಪಿಎಸ್ಸಿನ ಒಳಗೆ ಅದರ ತಗಡಿನ ಮೈಗೆ ಸೇರಿಸಿದ ಸಣ್ಣ ಕೆಪಾಸಿಟರು ಇರುತ್ತದೆ, ಅರ್ತಿಂಗ್ ಇಲ್ಲದಿದ್ದರೆ ತಗಡಿನ ಮೇಲೆ ಅರ್ಧ ವೋಲ್ಟೇಜು ಬಂದು ಕೂರುತ್ತದೆ. ಎಸ್‌ಎಂಪಿಎಸ್ ಎಷ್ಟು ಒಳ್ಳೆಯದಿದ್ದರೂ ಹಾಗೇ. ಇದು ನನಗೆ ಹೊಳೆದೇ ಇರಲಿಲ್ಲ ಮಾವ.

ಪೆರ್ಲ ಮಾವ: ನೀವೆಲ್ಲ ಸ್ಟಿಕರ್ ಓದಿ. ನಾನು ಗುಂಡಿ ನೋಡುತ್ತೇನೆ. ನಮ್ಮದು ಮುರಕಲ್ಲಿನ ಜಾಗ, ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕದಿದ್ದರೆ ಅದು ಇದ್ದೂ ಇಲ್ಲ. ಯಾರಾದರೂ ಹಾಕಿದ್ದೀರಾ ಈ ವರ್ಷ?

ಬದಿಯಡ್ಕ ಅತ್ತೆ: ಅದರ ಮೇಲೆ ಬಸಳೆ ಚಪ್ಪರ ಉಂಟು. ದಿನಾ ಹಾಕುತ್ತೇನೆ.

ಪೆರ್ಲ ಮಾವ: 👍 ಭಾನುವಾರ ಎಲೆಕ್ಟ್ರಿಷನ್‌ನನ್ನು ಕರೆದುಕೊಂಡು ಬರುತ್ತೇನೆ, ಮಾಳಿಗೆಗೆ ಅರ್ತ್ ತಂತಿ ಎಳೆಸುವ. ಚಿನ್ನು, ಅದಾಗುವ ತನಕ ಯಾವುದನ್ನೂ ಆರ್ಡರ್ ಮಾಡಬೇಡ.

ಚಿನ್ನು: ಮಾವ, ಎಸ್‌ಎಂಪಿಎಸ್ ಆರ್ಡರ್ ಮಾಡಿ ಆಯಿತು. ಭಾವ 12 ಗುಣಿಸು 16 ಎಂದಾಗಲೇ.