ಕೈತೋಟಕ್ಕೆ ಪರಿಸರಸ್ನೇಹಿ ಕುಂಡಗಳ ಆಯ್ಕೆ

ಪ್ರಶ್ನೆ: ತಾರಸಿಯಲ್ಲಿ ತರಕಾರಿ ಬೆಳೆಸಲು, ಪರಿಸರಕ್ಕೆ ಹೊರೆಯಾಗದೆ ಹಲವು ವರ್ಷ ಬಾಳುವ ಕುಂಡಗಳು ಯಾವುವೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೆರುಗು ಹಚ್ಚದ ಸುಟ್ಟ ಮಣ್ಣಿನ ಕುಂಡವನ್ನೇ ನಾನು ಮೊದಲು ಸೂಚಿಸುತ್ತೇನೆ. ಅದರ ಸೂಕ್ಷ್ಮರಂಧ್ರಗಳ ಮೂಲಕ ತೇವ ಆರಿ, ಬೇರುಗಳಿಗೆ ಗಾಳಿ ದೊರೆಯುವುದರಿಂದ ಅವು ಕೊಳೆಯುವ ಸಂಭವ ಕಡಿಮೆ. ಆದರೆ ಇದೇ ಕಾರಣಕ್ಕೆ ಬೇಸಿಗೆಯಲ್ಲಿ ಹೆಚ್ಚು ಬಾರಿ ನೀರುಣಿಸಬೇಕಾಗುತ್ತದೆ. ತಾರಸಿಯ ಮೇಲೆ ಬೀಳುವ ಭಾರವನ್ನೂ ಗಮನಿಸಿ.

ಉತ್ತರ 2: ಸಸಿಗಳಿಗೆ ತೆಂಗಿನ ನಾರಿನ ಕುಂಡ ಉತ್ತಮ. ಪೀಟ್ (ಜೌಗುನೆಲದಲ್ಲಿ ಅರೆಕೊಳೆತ ಸಸ್ಯಗಳ ಪದರ) ಕುಂಡ ಖಂಡಿತ ಬೇಡ. ಸಾವಿರಾರು ವರ್ಷಗಳಿಂದ ಇಂಗಾಲವನ್ನು ಹಿಡಿದಿಟ್ಟ ಜೌಗುನೆಲವನ್ನು ಅಗೆದು ಪೀಟ್ ತೆಗೆಯುವುದರಿಂದ ಆ ಇಂಗಾಲ ಗಾಳಿಗೆ ಸೇರುತ್ತದೆ.

ಉತ್ತರ 3: ‘ಕೊಳೆಯುವ ಪ್ಲಾಸ್ಟಿಕ್’ ಎಂಬ ಹಣೆಪಟ್ಟಿಯನ್ನು ಪರಿಶೀಲಿಸದೆ ನಂಬಬೇಡಿ. ಪಿಎಲ್‌ಎ (ಸಸ್ಯಮೂಲದ ಒಂದು ಪ್ಲಾಸ್ಟಿಕ್) ಕುಂಡ ಬೇಗ ಕೊಳೆಯಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಕಾವಿನ ಕಾಂಪೋಸ್ಟ್ ಘಟಕವೇ ಬೇಕು. ಈಗಾಗಲೇ ಇರುವ ಪ್ಲಾಸ್ಟಿಕ್ ಕುಂಡಗಳನ್ನು ಎಸೆಯದೆ, ನೇರ ಬಿಸಿಲು ತಾಗದಂತೆ ಇರಿಸಿ ಬಳಸಿ.